ಶುಕ್ರವಾರದ ಹುರುಳಿ

ಮೇಡಂ, ನಿಮ್ಮ ಪ್ರಯೋಗದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಬೀಜದಲ್ಲಿ. ಆ ಬೀಜ ತಂದವನು ನಾನು — ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ.

ಹೋದ ಭಾನುವಾರ ನಿಮ್ಮ ಹಳೇಬೀಡಿನ ಮನೆಗೆ ಬಂದಾಗಿನಿಂದ ಈ ಪತ್ರವನ್ನು ಬರೆದು ಬರೆದು ಹರಿಯುತ್ತಿದ್ದೇನೆ. ನೀವು ಕಟ್ಟಿದ ಜೀವರಸಾಯನ ವಿಭಾಗದ ಸಮಾರಂಭಕ್ಕೆ ಕರೆಯಲು ಬಂದಿದ್ದೆ, ಅದೇ ವಿಭಾಗದ ಮುಖ್ಯಸ್ಥನೆಂಬ ಗತ್ತಿನಲ್ಲಿ. ನೀವು ನನ್ನನ್ನು ತಾರಸಿಗೆ ಕರೆದುಕೊಂಡು ಹೋದಿರಿ. ಅಲ್ಲಿ ಸಾಲು ಸಾಲು ಕುಂಡ, ಮೂಲೆಯಲ್ಲೊಂದು ಡಬ್ಬಿ. ಡಬ್ಬಿಯಿಂದ ಒಂದು ಹಿಡಿ ಕಾಳು ತೆಗೆದು ನನ್ನ ಅಂಗೈಗೆ ಸುರಿದಿರಿ.

"ನಮ್ಮವ್ವನ ಹುರುಳಿ ಕಣೋ. ನೀನು ತಂದಿದ್ಯಲ್ಲ, ಅದರಲ್ಲಿ ಉಳಿದದ್ದು. ಒಂದು ವರ್ಷವೂ ಬಿತ್ತೋದು ತಪ್ಪಿಸಿಲ್ಲ. ನಾನೆಲ್ಲಿ ಎಡವಿದೆ ಅನ್ನೋದು ಮಾತ್ರ ಇನ್ನೂ ಸಿಕ್ಕಿಲ್ಲ ನೋಡು."

ಇನ್ನೂ ಹುಡುಕುತ್ತಿದ್ದೀರಾ? ನಿವೃತ್ತಿಯಾದ ಮೇಲೂ, ಈ ಮೊಣಕಾಲು ನೋವಿನಲ್ಲೂ, ಇಲ್ಲದ ತಪ್ಪನ್ನು — ನನ್ನ ಕೈಕಾಲು ತಣ್ಣಗಾದವು. ನೀವು ಬಿಸಿಲಿಗೆ ಹಾಗಾಯಿತೆಂದುಕೊಂಡು ಮಜ್ಜಿಗೆ ತಂದುಕೊಟ್ಟಿರಿ. ನಾನು ಕುಡಿದೆ ಕೂಡ.

ನಡೆದದ್ದು ಇಷ್ಟು. ಹುರುಳಿಯಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಒಂದು ಪ್ರೋಟೀನ್ ಇರುತ್ತದೆ. ಜಾವಗಲ್‌ನಲ್ಲಿ ನಿಮ್ಮ ಅವ್ವ ತಲೆಮಾರಿನಿಂದ ಕಾಪಾಡಿಕೊಂಡು ಬಂದ ಹುರುಳಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ ಎಂದು ಕಂಡುಹಿಡಿದು ಪ್ರಬಂಧ ಪ್ರಕಟಿಸಿದಿರಿ. ಹೆಂಗಸಿಗೆ ಲ್ಯಾಬಿನ ಬೀಗದಕೈ ಕೊಡಲೂ ಹಿಂದುಮುಂದು ನೋಡುತ್ತಿದ್ದವರು, ನೀವು ಅದನ್ನು ಸಭೆಯಲ್ಲಿ ಓದಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೇರೊಂದು ಲ್ಯಾಬಿನವರು ತಾವೂ ಪರೀಕ್ಷಿಸುತ್ತೇವೆ, ಬೀಜ ಕಳಿಸಿ ಎಂದರು. ನಮ್ಮಲ್ಲಿದ್ದದ್ದೆಲ್ಲ ಅರೆದು ಮುಗಿದಿತ್ತು. "ಅವ್ವನ ಕೈಯಿಂದಲೇ ತಗೊಂಡು ಬಾ" ಎಂದು ನಿಮ್ಮ ವಿದ್ಯಾರ್ಥಿಯಾಗಿದ್ದ ನನ್ನನ್ನು ಕಳಿಸಿದಿರಿ.

ನಾನು ಹೋದದ್ದು ಶುಕ್ರವಾರ. ಅವ್ವ ಹೊಟ್ಟೆ ತುಂಬ ಊಟ ಹಾಕಿದರು, ಬೀಜ ಮಾತ್ರ ಕೊಡಲಿಲ್ಲ.

"ಇವತ್ತು ಶುಕ್ರವಾರ ಕಣಪ್ಪಾ, ಮನೆ ಬೀಜ ಆಚೆ ಕಳ್ಸಾಕಿಲ್ಲ. ಇಲ್ಲೇ ಉಳ್ಕೊ, ನಾಳೆ ತಗಂಡೋಗೀವಂತೆ."

ಮರುದಿನ ಬೆಳಿಗ್ಗೆ ಬೇಲೂರಿನಲ್ಲಿ ನನಗೆ ಹೆಣ್ಣು ನೋಡುವ ಶಾಸ್ತ್ರ. ಉಳಿಯಲು ಮನಸ್ಸಾಗಲಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಎರಡು ಸೇರು ಹುರುಳಿ ಕೊಂಡೆ. ಹುರುಳಿ ಹುರುಳಿಯೇ ತಾನೆ, ಅದೇ ಊರಿನ ಮಣ್ಣಿನದ್ದು — ಪ್ರೋಟೀನ್ ಓದುತ್ತಿದ್ದವನ ಬುದ್ಧಿ ನೋಡಿ! ಚೀಲದ ಮೇಲೆ ನಿಮ್ಮ ಅವ್ವನ ಹೆಸರು ಬರೆದೆ. ಆ ಸಂಬಂಧವಾದರೂ ಕೂಡಿಬಂತೇ? ಅದೂ ಇಲ್ಲ.

ಆ ಚೀಲದ ಕಾಳಿನಲ್ಲಿ ಪ್ರೋಟೀನ್ ಎಲ್ಲ ಹುರುಳಿಯಷ್ಟೇ ಇತ್ತು; ಆ ಲ್ಯಾಬಿನಲ್ಲೂ ನಮ್ಮಲ್ಲೂ ಫಲಿತಾಂಶ ತಲೆಕೆಳಗಾಯಿತು. ಆಗಲಾದರೂ ಹೇಳಬಹುದಿತ್ತು. ಹೇಳಿದರೆ ನನ್ನ ಫೆಲೋಶಿಪ್ ಹೋಗುತ್ತದೆಂದು ಹೆದರಿದೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ — ಅಷ್ಟರಲ್ಲಿ ಅವ್ವ ತೀರಿಕೊಂಡರು. ನಿಮ್ಮ ತಮ್ಮ ಹೊಲಕ್ಕೆ ತೆಂಗು ಇಟ್ಟರು. ಮನೆಯಲ್ಲಿದ್ದ ಬೀಜ ತಿಥಿಯ ಅಡುಗೆಗೆ ಹೋಯಿತೆಂದು ನೀವೇ ಹೇಳಿದಿರಿ. ಆ ಶುಕ್ರವಾರದ ಮಾತು ಗೊತ್ತಿದ್ದವರು ಆಮೇಲೆ ಯಾರೂ ಉಳಿಯಲಿಲ್ಲ. ನನಗೆ ನಿರಾಳವಾಯಿತು, ಮೇಡಂ. ಒಬ್ಬ ತಾಯಿ ಸತ್ತಾಗ ನನಗೆ ನಿರಾಳವಾಯಿತು.

ನೀವು ತುಂಬಿದ ಸಭೆಯಲ್ಲಿ "ತಪ್ಪು ನನ್ನದು" ಎಂದು ಹೇಳಿ ಪ್ರಬಂಧ ಹಿಂತೆಗೆದುಕೊಂಡಿರಿ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ಪಕ್ಕದಲ್ಲೇ ಕೂತಿದ್ದೆ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ.

ನಿಮ್ಮ ಪ್ರಬಂಧ ಪ್ರಕಟಿಸಿದ್ದ ಪತ್ರಿಕೆಗೆ ಎಲ್ಲವನ್ನೂ ಬರೆದಿದ್ದೇನೆ; ಪ್ರತಿ ಇದರ ಜೊತೆಗಿದೆ. ಅದರಿಂದ ನಿಮ್ಮ ಹೆಸರು ನಿಮಗೆ ಮರಳಬಹುದು. ಆದರೆ ಆ ಡಬ್ಬಿ — ವರ್ಷವರ್ಷವೂ ಅವ್ವನದೆಂದು ನೀವು ಬಿತ್ತಿ, ಒಕ್ಕಿ, ತುಂಬಿಟ್ಟದ್ದು — ಅದು ಅವ್ವನದಲ್ಲ, ಯಾವುದೋ ಅಂಗಡಿಯ ಕಾಳು. ಅವ್ವನ ಹುರುಳಿ ಈಗ ಎಲ್ಲೂ ಇಲ್ಲ. ಡಬ್ಬಿಯ ಈ ಸತ್ಯ ಹೇಳದೆ, ತಪ್ಪು ನಿಮ್ಮದಲ್ಲವೆಂದು ಹೇಳಲು ದಾರಿಯಿಲ್ಲ. ಎಷ್ಟು ಯೋಚಿಸಿದರೂ ಸಿಗಲಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಅರಸೀಕೆರೆಯಿಂದ ಮೊದಲ ಬಸ್ಸಿಗೆ ಬಂದು ನಿಮ್ಮ ಕೈಗೇ ಕೊಡುತ್ತೇನೆ. ನೀವು ಓದಿ ಮುಗಿಸುವ ತನಕ ಎದುರಿಗೇ ನಿಂತಿರುತ್ತೇನೆ. ಈ ಸಲ ಬಿತ್ತುವ ಮೊದಲು ನಿಮಗೆ ಗೊತ್ತಾಗಬೇಕು.