ಮುನ್ನೂರ ಹನ್ನೆರಡನೆಯ ನಂಬರು

ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯೊಳಗೆ ಇಟ್ಟುಕೊಳ್ಳಲು ಆಗುತ್ತಿಲ್ಲ: ನಂಬರು ಉಳಿಯಿತು! ಮುನ್ನೂರ ಹನ್ನೆರಡು. ನನ್ನ ಮೊಮ್ಮಗಳ ನಂಬರು. ಮೊನ್ನೆ ಮಂಗಳವಾರ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವಳ ಫೋನಿಗೆ ಸುದ್ದಿ ಬಂತು. ಅಂದಿನಿಂದ ಓಣಿಯಲ್ಲಿ ಯಾರು ಕಂಡರೂ ಹಿಡಿದು ನಿಲ್ಲಿಸಿ ಹೇಳುತ್ತಿದ್ದೇನೆ. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ.

"ಅಮ್ಮಾರ, ನಿನ್ನೇನೂ ಹೇಳೀರಲ್ರಿ," ಎಂದ.

"ಹೇಳಿದ್ರ ಏನಾತೋ? ಇನ್ನೊಮ್ಮೆ ಕೇಳು," ಎಂದೆ. ಪಾಪ, ಕೇಳಿದ.

ಎಲ್ಲರೂ ಕೇಳುವುದು ಒಂದೇ: ನಂಬರು ಅಂದರೆ ಏನು? ನಾನು ಓದಿದ್ದು ಮೂರನೇ ಇಯತ್ತೆ, ಆದರೆ ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ವರ್ಷಕ್ಕೂ ಮಿಕ್ಕಿ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ನನ್ನ ಮೊಮ್ಮಗಳು ವಿಮಾನ ಹಾರಿಸುತ್ತಾಳೆ. ಮುಂದೆ ಎರಡು ಕುರ್ಚಿ ಇರುತ್ತವೆ. ಎಡಗಡೆಯದು ಕ್ಯಾಪ್ಟನ್‌ದು, ಬಲಗಡೆಯದು ಇವಳದು. ಅವಳ ಕಂಪನಿಯಲ್ಲಿ ಹಾರಿಸುವವರದೆಲ್ಲ ಒಂದು ಪಟ್ಟಿ ಇದೆ. ಮೊದಲು ಸೇರಿದವರು ಮೇಲೆ, ಆಮೇಲೆ ಸೇರಿದವರು ಕೆಳಗೆ. ಅದಕ್ಕೆ ಸೀನಿಯಾರಿಟಿ ಎನ್ನುತ್ತಾರೆ. ನೀನು ಎಷ್ಟು ಶಾಣ್ಯಾಳು, ಯಾರ ಮಗಳು ಎಂದು ಆ ಪಟ್ಟಿ ಕೇಳುವುದಿಲ್ಲ. ಎಡಗಡೆ ಕುರ್ಚಿಗೆ ಮೊದಲು ಯಾರು ಹೋಗಬೇಕು, ದೀಪಾವಳಿಗೆ ರಜೆ ಯಾರಿಗೆ, ಎಲ್ಲ ಆ ನಂಬರೇ ಹೇಳುತ್ತದೆ. ಕಂಪನಿಗೆ ಕಷ್ಟ ಬಂದರೆ ಕೆಳಗಿನವರು ಮೊದಲು ಮನೆಗೆ. ತಿರುಗಿ ಕರೆಯುವಾಗ ಮೇಲಿನವರು ಮೊದಲು.

ಕಷ್ಟ ಬಂದೇ ಬಂತು. ಎಂಜಿನ್‌ಗಳು ಒಂದರ ಹಿಂದೆ ಒಂದು ಕೆಟ್ಟವು, ಹೊಸವು ಸಿಗಲಿಲ್ಲ, ವಿಮಾನಗಳು ಸಾಲಾಗಿ ನಿಂತವು. ನಾವು ಕರೆಯುವವರೆಗೆ ಪಗಾರ ಇಲ್ಲ, ಮನೆಯಲ್ಲಿರಿ ಎಂದರು. ಕೆಲಸದಿಂದ ತೆಗೆಯಲಿಲ್ಲ, ಕೆಲಸವನ್ನೂ ಕೊಡಲಿಲ್ಲ. ಎರಡು ಬ್ಯಾಗು ಹಿಡಿದುಕೊಂಡು ಹುಬ್ಬಳ್ಳಿಗೆ ಬಂದಳು. ಎಂಟು ದಿನ ಬರೇ ಮಲಗಿದಳು. ಒಂಬತ್ತನೆಯ ದಿನ ಎದ್ದು ತಲೆ ಎರೆದುಕೊಂಡು ಧಾರವಾಡಕ್ಕೆ ಹೋಗಿ, ಸಪ್ತಾಪುರದ ಒಂದು ಕ್ಲಾಸಿನಲ್ಲಿ ಹುಡುಗರಿಗೆ ಗಣಿತ ಕಲಿಸುವ ಕೆಲಸ ಹಿಡಿದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಈ ಮೇಡಮ್ಮು ಮೋಡದ ಮೇಲೆ ಇದ್ದು ಬಂದವಳು ಎಂದು ಆ ಹುಡುಗರಿಗೆ ಗೊತ್ತೇ ಇರಲಿಲ್ಲ.

ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಪಟ್ಟಿಯಲ್ಲಿ ಇವಳಿಗಿಂತ ಕೆಳಗಿದ್ದ ಕೆಲವರು ರೆಕ್ಕೆಯ ಮೇಲೆ ಪಂಖ ತಿರುಗುವ ಸಣ್ಣ ವಿಮಾನ ಕಲಿತಿದ್ದರು. ಅವು ನಿಂತಿರಲಿಲ್ಲವಾದ್ದರಿಂದ ಅವರನ್ನು ಕಂಪನಿ ಇಟ್ಟುಕೊಂಡಿತು. ಈಗ ಅವರು ತಕರಾರು ತೆಗೆದರು: ವರ್ಷವಿಡೀ ಹಾರಿಸಿದವರು ನಾವು, ಮನೆಯಲ್ಲಿ ಕೂತವರು ಬಂದು ನಮ್ಮ ಮುಂದೆ ಯಾಕೆ ನಿಲ್ಲಬೇಕು? ಮನೆಯಲ್ಲಿದ್ದ ಇವಳಂಥವರು, ನಾವೇನು ಬೇಕೆಂದು ಕೂತೆವೇ ಎಂದರು. ಅದೇ ಹೊತ್ತಿಗೆ ಪೈಲಟ್‌ಗಳ ಸಂಘ ಕಂಪನಿಯ ಜೊತೆ ಹೊಸ ಕರಾರಿನ ಮಾತುಕತೆಗೆ ಕೂತಿತ್ತು. ಕಂಪನಿಯ ಜೊತೆ ಜಗಳಾಡಬೇಕಾದವರು ತಮ್ಮತಮ್ಮಲ್ಲೇ ಜಗಳಾಡತೊಡಗಿದರು.

ಆಗ ಕಂಪನಿ ಮನೆಯಲ್ಲಿದ್ದವರಿಗೆ ಒಂದು ಕಾಗದ ಕಳಿಸಿತು. ಬೇಕಾದವರು ಮುಂದಿನ ತಿಂಗಳೇ ಬಂದು ಸಣ್ಣ ವಿಮಾನಕ್ಕೆ ಸೇರಿ. ಆದರೆ ಹೊಸದಾಗಿ ಸೇರಿದಂತೆ, ಹಳೆಯ ನಂಬರು ಬಿಟ್ಟೆ ಎಂದು ಸಹಿ ಮಾಡಿ. ಶುಕ್ರವಾರದೊಳಗೆ ಹೇಳಬೇಕು. ಸಂಘದ ಹಿರಿಯರೊಬ್ಬರು ಇವಳಿಗೆ ಫೋನು ಮಾಡಿ ಸಹಿ ಮಾಡಬೇಡ ಎಂದರು. ಆದರೆ ನಂಬರು ಉಳಿಸಿಕೊಡುತ್ತೇವೆ ಎಂದು ಮಾತು ಕೊಡಲು ಅವರಿಗೂ ಆಗಲಿಲ್ಲ.

ಬುಧವಾರ ಊಟಕ್ಕೆ ಕೂತಾಗ ನನ್ನ ಮಗ ಶುರು ಮಾಡಿದ. ಅವನು ಲಾರಿ ಓಡಿಸುವವನು, ಗಾಡಿ ನಿಂತರೆ ಅವನಿಗೆ ಮೈಮೇಲೆ ಮುಳ್ಳು.

"ಸಹಿ ಮಾಡಿ ಹೋಗ್ಬಿಡವಾ. ಬಂದ ಕೆಲಸಾ ಯಾಕ ಬಿಡ್ತಿ? ಆ ನಂಬರ್ ಏನ್ ಉಪ್ಪಿನಕಾಯಿ ಹಾಕ್ತಿಯೇನು?"

"ಅಪ್ಪಾ, ಈಗ ಕೆಳಗ ಹೋದ್ರ ಎಡಗಡಿ ಕುರ್ಚಿ ನನಗ ಮುದುಕಿ ಆದ ಮ್ಯಾಲೆ ಸಿಗತೈತಿ. ಮತ್ತ ಕಷ್ಟ ಬಂದ್ರ ಮದಲ ಮನಿಗೆ ಬರಾಕಿ ನಾನ."

"ಬಾ. ಇಲ್ಲಿ ಊಟಕ್ಕೇನ್ ಕಮ್ಮಿ ಮಾಡೇವೇನು?"

"ಊಟದ ಮಾತಲ್ಲಪ್ಪಾ!" ಅವಳು ತಟ್ಟೆ ಸರಿಸಿ ನನ್ನ ಕಡೆ ತಿರುಗಿದಳು. "ಆಯಿ, ನೀನರ ಹೇಳು. ನಾ ಏನ್ ಮಾಡ್ಲಿ?"

ಹುಟ್ಟಿದಾಗಿನಿಂದ ನನ್ನನ್ನು ಆಯಿ ಎಂದೇ ಕರೆದವಳು, ಆದರೆ ವಿಮಾನದ ವಿಷಯಕ್ಕೆ ನನ್ನನ್ನು ಏನೂ ಕೇಳಿದವಳಲ್ಲ. ಕೇಳುವುದಾದರೂ ಏನು, ನಾನು ವಿಮಾನ ಹತ್ತಿದವಳೂ ಅಲ್ಲ. ಆದರೆ ಉತ್ತರ ನನ್ನ ಬಾಯಲ್ಲೇ ಇತ್ತು.

"ಮಾಡಬ್ಯಾಡ. ನಿನ್ನ ಮರಾ ನಿನ್ನ ಕೈಯಿಂದ ಎತ್ತಬ್ಯಾಡ."

"ಯಾವ ಮರಾ?"

ಮರ ಎಂದರೆ ನಮ್ಮ ಕಡೆ ಕಾಳು ಕೇರುವ ಮೊರ. ಮದುವೆಯಾಗಿ ಶಿರಗುಪ್ಪಿಯಿಂದ ಹುಬ್ಬಳ್ಳಿಗೆ ಬಂದ ಮೇಲೆ ನಾನು ಅಮರಗೋಳದ ಮಾರುಕಟ್ಟೆಯಲ್ಲಿ ದಲಾಲರ ಅಂಗಡಿಯ ಮುಂದೆ ಕೂತು ಕಾಳು ಹಸನು ಮಾಡಿದವಳು. ಹೆಣ್ಣುಮಕ್ಕಳದೊಂದು ಗುಂಪು ಇತ್ತು. ಗುಂಪಿಗೆ ಯಾರು ಮೊದಲು ಸೇರಿದರೋ ಅವರ ಮೊರ ಸಾಲಿನಲ್ಲಿ ಮುಂದೆ. ಕಾಳಿನ ರಾಶಿ ಮುಂದಿನವಳಿಂದ ಹಂಚಿಕೊಂಡು ಬರುತ್ತಿತ್ತು. ಮಾಲು ಕಡಿಮೆ ಬಂದ ದಿನ ಕೊನೆಯವರು ಬರಿಗೈಯಲ್ಲಿ ಮನೆಗೆ.

ಯಾರಾದರೂ ಹಡೆದರೆ, ಜಡ್ಡು ಬಿದ್ದರೆ, ಪಕ್ಕದವಳು ದಿನಾ ಮುಂಜಾನೆ ಅವಳ ಮೊರವನ್ನು ಅವಳ ಜಾಗದಲ್ಲೇ ಇಟ್ಟು ಅದರಲ್ಲಿ ಒಂದು ಹಿಡಿ ಹೆಸರುಕಾಳು ಹಾಕುತ್ತಿದ್ದಳು. ಕಾಳಿದ್ದ ಮೊರವನ್ನು ದಲಾಲರೂ ಮುಟ್ಟುತ್ತಿರಲಿಲ್ಲ. ಈ ಮಗನನ್ನು ಹಡೆದಾಗ ನನ್ನ ಮೊರ ಎರಡು ತಿಂಗಳು ಹಾಗೆ ಇತ್ತು, ನಾಲ್ಕನೆಯದು. ತಿರುಗಿ ಹೋಗಿ ನಾಲ್ಕನೆಯವಳಾಗಿಯೇ ಕೂತೆ.

ಆಮೇಲೆ ನಾನೇ ಹುಚ್ಚುತನ ಮಾಡಿದೆ. ಆ ಕಡೆ ಸಾಲಿನಲ್ಲಿ ಒಂದು ಹೊಸ ಅಂಗಡಿ ಆಯಿತು, ದಿನಾ ಕೆಲಸ ಎಂದರು. ನಾನೇ ನನ್ನ ಮೊರ ಎತ್ತಿಕೊಂಡು ಹೋದೆ. ಸುಗ್ಗಿ ಮುಗಿಯುವುದರೊಳಗೆ ಆ ಅಂಗಡಿ ಬಾಗಿಲು ಹಾಕಿತು. ಹಳೆಯ ಜಾಗಕ್ಕೆ ಬಂದು ನಿಂತಾಗ ಗುಂಪಿನ ಹಿರಿಯಳು ಕಾಳು ಕೇರುವುದನ್ನು ನಿಲ್ಲಿಸದೆಯೇ ಹೇಳಿದಳು:

"ಬಾರವಾ, ಬಾ. ಜಾಗಾ ಬೇಕಾದಷ್ಟ್ ಐತಿ. ಹಿಂದ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಮನೆಗೆ ಬಂದು ಅತ್ತೆ. ನಾನೇ ಕೇರುವುದು ಕಲಿಸಿದ ಹುಡುಗಿಯರ ಬೆನ್ನು ನೋಡಿಕೊಂಡು ಎಷ್ಟೋ ವರ್ಷ ಕೂತೆ. ತಪ್ಪು ಅವರದಲ್ಲ. ಬೇರೆಯವರು ಎಬ್ಬಿಸಿದರೆ ಜಾಗ ಉಳಿಯುತ್ತದೆ, ತಾನೇ ಎದ್ದರೆ ಹೋಗುತ್ತದೆ.

ಇದನ್ನೆಲ್ಲ ಮೊಮ್ಮಗಳು ಊಟ ಬಿಟ್ಟು ಕೇಳುತ್ತಿದ್ದಳು. "ಅಲ್ಲಾ ಆಯಿ, ಹಡದಾಕಿ ತಿರುಗಿ ಬಂದ್ರ ಜಗಳಾ ಆಗ್ತಿದ್ದಿಲ್ಲೇನು? ನಡುವ ಕೆಲಸಾ ಮಾಡಿದಾಕಿ ಏನಂತಿದ್ಲು?"

"ಜಗಳಾ ಇಲ್ಲದ ಇರತೈತೇನು? ಕೂದಲಾ ಹಿಡದು ಎಳದಾಡೇವಿ. ಆದ್ರ ರೀತಿ ಅಂತ ಒಂದಿತ್ತು. ನಡುವ ಮಾಡಿದಾಕಿ ಕೈಯಾಗ ಹಿಡದ ರಾಶಿ ಆಕೀದ. ಅದನ್ನ ಕಸಗೋಳಂಗಿಲ್ಲ. ನಾಳಿಂದ ಪಾಳಿ ಮಾತ್ರ ಮದಲಿನಂಗ."

"ಇನ್ನೊಮ್ಮೆ ಹೇಳು."

ಹೇಳಿದೆ. ಅವಳು ಎಡಗೈಯಲ್ಲಿ ಫೋನು ಹಿಡಿದು ಬರೆದುಕೊಂಡಳು. ಮಗ ಮಜ್ಜಿಗೆ ಕುಡಿದು ಎದ್ದುಹೋದ.

ಶುಕ್ರವಾರ ಬಂತು, ಹೋಯಿತು. ಅವಳು ಸಹಿ ಮಾಡಲಿಲ್ಲ. ಅವಳ ಜೊತೆಗೆ ಸೇರಿದ್ದ ನಾಲ್ಕು ಜನ ಮಾಡಿದರು. ಮಗ ಎರಡು ದಿನ ನಮ್ಮಿಬ್ಬರ ಜೊತೆಯೂ ಮಾತಾಡಲಿಲ್ಲ. ನನಗೂ ಒಂದೇ ಯೋಚನೆ. ನನ್ನ ಮಾತು ಕೇಳಿ ಕೂಸು ಇದ್ದದ್ದನ್ನೂ ಕಳೆದುಕೊಂಡರೆ?

ಭಾನುವಾರ ಸಂಘದವರು ಫೋನಿನಲ್ಲೇ ಸಭೆ ಸೇರಿದರು. ನಾನು ಮೆಂತ್ಯೆಪಲ್ಯದ ಎಲೆ ಬಿಡಿಸುತ್ತ ಪಕ್ಕದಲ್ಲೇ ಕೂತೆ. ಎಲ್ಲ ಇಂಗ್ಲಿಷು, ನಡುನಡುವೆ ಹಿಂದಿ, ಒಬ್ಬರ ಮೇಲೆ ಒಬ್ಬರು ಕೂಗುತ್ತಿದ್ದರು. ಅಮರಗೋಳದಲ್ಲಿ ಕಾಳಿನ ಹರಾಜು ಕೂಗುವ ಸವಾಲಿಗಿಂತ ಜೋರು. ಆಮೇಲೆ ನನ್ನ ಮೊಮ್ಮಗಳು ಮಾತಾಡಿದಳು. ಅದರಲ್ಲಿ ಗ್ರ್ಯಾಂಡ್‌ಮದರ್ ಎನ್ನುವುದೊಂದೇ ನನಗೆ ತಿಳಿಯಿತು. ಆ ಕಡೆ ಒಬ್ಬ ಏನೋ ಕೇಳಿದ, ಇವಳು "ಅಮರಗೋಳ" ಎಂದಳು, ಎಲ್ಲರೂ ಗೊಳ್ಳೆಂದು ನಕ್ಕರು.

"ಏನ್ ಚಾಡಿ ಹೇಳಿದಿ ನನ್ನ ಮ್ಯಾಲೆ?" ಎಂದೆ, ಫೋನು ಇಟ್ಟ ಮೇಲೆ.

"ನಿನ್ನ ರೀತಿ ಹೇಳ್ದೆ, ಆಯಿ. ಈಗ ಹಾರಸಾಕತ್ತವ್ರನ್ನ ನಾವು ಅವ್ರ ಕುರ್ಚಿಯಿಂದ ಎಬ್ಬಸಂಗಿಲ್ಲ, ಅವ್ರು ನಮ್ಮ ನಂಬರ್ ಮುಟ್ಟಬಾರದು ಅಂದೆ. ಅವ್ರ ಪೈಕಿ ಸಿಟ್ಟಿನಾಂವ ಒಬ್ಬ ಕೇಳಿದ, ನಿಮ್ಮ ಅಜ್ಜಿ ಯಾವ ಏರ್‌ಲೈನ್‌ನವ್ರು ಅಂತ!"

ಅಯ್ಯ, ಎಷ್ಟು ನಕ್ಕೆವು! ಒಳಗೆ ಮಲಗಿದ್ದ ಮಗ ಎದ್ದು ಬಂದು, ಏನಾಯಿತು ಎಂದು ಕೇಳಿ, ತಾನೂ ನಕ್ಕ. ಮಾತು ಬಿಟ್ಟಿದ್ದು ಅಲ್ಲಿಗೆ ಮುಗಿಯಿತು.

ಆಮೇಲೂ ಮೂರು ತಿಂಗಳು ಎಳೆದಾಡಿದರು. ಹಾರಿಸುವವರು, ಮನೆಯಲ್ಲಿದ್ದವರು ಇಬ್ಬರೂ ಒಂದಾಗಿ ಆ ರೀತಿಯನ್ನೇ ಕಂಪನಿಯ ಮುಂದಿಟ್ಟರಂತೆ. ಕಂಪನಿ ಆಗುವುದಿಲ್ಲ ಎಂದಿತು, ಕೆಲಸ ನಿಲ್ಲಿಸುತ್ತೇವೆ ಎಂದು ಇವರೆಂದರು, ಮತ್ತೆ ಕೂತರು. ಪ್ರತಿದಿನ ಬಸ್ಸಿಳಿದು ಬಂದವಳ ಮುಖ ನೋಡುವುದೇ ನನ್ನ ಕೆಲಸವಾಗಿತ್ತು.

ಮಂಗಳವಾರ ಅವಳಿಗೆ ಕ್ಲಾಸಿಗೆ ರಜೆ. ಅಡುಗೆಮನೆಗೆ ಬಂದು ಬಾಗಿಲು ಹಿಡಿದು ನಿಂತಳು. ನಾನು ಹಿಟ್ಟಿನ ಕೈಯಲ್ಲೇ ಎದ್ದೆ. "ಆಯಿ, ಮುನ್ನೂರ ಹನ್ನೆರಡು. ಹಂಗ ಐತಿ. ಹೊಸಾ ಕರಾರಿಗೆ ಸಹಿ ಆತು. ಒಂದನೇ ತಾರೀಖಿಗೆ ಬಾ ಅಂದಾರ!" ಎಂದು ನನ್ನನ್ನು ಎತ್ತಿಯೇ ಬಿಟ್ಟಳು. ಒಲೆಯ ಮೇಲಿನ ರೊಟ್ಟಿ ಕರಕಾಯಿತು. ಆಗಲಿ! ಮಗನಿಗೆ ಫೋನು ಮಾಡಿದರೆ ಅವನು ದಾವಣಗೆರೆಯ ಹತ್ತಿರ ರಸ್ತೆ ಬದಿಗೆ ಲಾರಿ ನಿಲ್ಲಿಸಿ, ಹಾರನ್ ಒತ್ತಿ ಹಿಡಿದು ನಮಗೆ ಕೇಳಿಸಿದ. ಸಹಿ ಮಾಡಿದ ನಾಲ್ವರ ಜಾಗ ಮಾತ್ರ ಹೋದದ್ದು ಹೋಯಿತು. ಈ ಸಂತೋಷದಲ್ಲೂ ಅವರು ನೆನಪಾಗುತ್ತಾರೆ.

ನಾಳೆ ಹೊರಡುತ್ತಾಳೆ. ಈ ಹೊತ್ತು ಮುಂಜಾನೆ ಪೆಟ್ಟಿಗೆಯಿಂದ ಯೂನಿಫಾರ್ಮು ತೆಗೆದು ಹಾಕಿಕೊಂಡು ನೋಡಿದರೆ ಪ್ಯಾಂಟಿನ ಗುಂಡಿ ಹತ್ತಲೊಲ್ಲದು! ವರ್ಷಕ್ಕೂ ಮಿಕ್ಕಿ ನಾನು ಹಾಕಿದ ತುಪ್ಪ, ಹೋಳಿಗೆ, ಶೇಂಗಾ ಚಟ್ನಿ ಎಲ್ಲಿಗೆ ಹೋದೀತು?

"ನೀನ ಮಾಡಿದ್ದಿದು, ಆಯಿ," ಎಂದು ಉಸಿರು ಬಿಗಿಹಿಡಿದು ನಿಂತಳು.

"ಹೌದು, ನಾನ ಮಾಡಿದ್ದು. ಬಿಚ್ಚಿ ಕೊಡು ಇಲ್ಲೆ."

ಸೊಂಟದ ಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಒಳಗೆ ಮಡಚಿ ಇಟ್ಟಿದ್ದ ಆ ದರ್ಜಿಗೆ ದೇವರು ಒಳ್ಳೆಯದು ಮಾಡಲಿ. ಬಿಸಿಲಿಗೆ ಕೂತು ಬ್ಲೇಡಿನಿಂದ ಹಳೆಯ ದಾರ ಬಿಚ್ಚಿದ್ದೇನೆ. ಮೊಮ್ಮಗಳು ಸೂಜಿಗೆ ದಾರ ಪೋಣಿಸಿ ಕೊಟ್ಟು, ಹೊಲಿಗೆ ಗಟ್ಟಿ ಇರಲಿ ಎಂದು ನನ್ನ ತಲೆಯ ಮೇಲೆಯೇ ನಿಂತಿದ್ದಾಳೆ.