ಚಕ್ಕೋತ ಬೀಳಲೆಂದು ಕೂತ ಸಂಜೆಗಳು

ದೇವನಹಳ್ಳಿಯ ನಮ್ಮ ಚಕ್ಕೋತದ ತೋಟ ಈಗ ಪಾರ್ಕು. ಮಾವನವರ ತಂದೆ ನೆಟ್ಟ ಗಿಡಗಳು. ಸುತ್ತಲೂ ಲೇಔಟುಗಳೆದ್ದಾಗ ಉಳಿದ ಜಮೀನೆಲ್ಲ ಮಾರಿಹೋಯಿತು. ಈ ತುಂಡನ್ನು ಮಾತ್ರ ಮಾವ ಮಾರಲು ಒಪ್ಪದೆ, ಮರ ಕಡಿಯಬಾರದೆಂಬ ಷರತ್ತಿನ ಮೇಲೆ ಊರಿಗೆ ಬಿಟ್ಟುಕೊಟ್ಟರು. ಅತ್ತೆ ಇನ್ನೊಂದು ಷರತ್ತು ಸೇರಿಸಿದರು. ಹಣ್ಣನ್ನು ಯಾರೂ ಕೀಳಬಾರದು. ತಾನಾಗಿ ಬಿದ್ದದ್ದು ಸಿಕ್ಕಿದವರಿಗೆ. "ಕಾನ್ವೆಂಟಲ್ಲಿ ಓದಿದೋಳು, ನೀನೇ ದುಂಡಗೆ ಬರ್ದುಕೊಡು," ಎಂದು ಬೋರ್ಡಿನ ಒಕ್ಕಣೆಯನ್ನು ನನ್ನಿಂದಲೇ ಬರೆಸಿದರು. ಈಗ ಮಾವ ಇಲ್ಲ. ಬೋರ್ಡಿದೆ.

ಈ ವರ್ಷ ಜ್ವರ ಬಿಟ್ಟ ಮೇಲೆ ಅತ್ತೆಗೆ ಅನ್ನ ಸೇರದಾಯಿತು. ಪೇಟೆಯಿಂದ ಚಕ್ಕೋತ ತಂದೆ. ಒಂದು ತೊಳೆ ಬಾಯಿಗಿಟ್ಟು, ಉಳಿದದ್ದನ್ನು ತಟ್ಟೆಯಂಚಿಗೆ ಸರಿಸಿದರು.

"ಬರೀ ನೀರು. ನಮ್ ಗಿಡದ್ದು ಒಂದು ತಿಂದ್ರೆ ನಾಲಿಗೆ ನೆಟ್ಟಗಾಗುತ್ತೆ ಕಣಮ್ಮ."

ಅಂದಿನಿಂದ ದಿನಾ ಸಂಜೆ ಕುಕ್ಕರ್ ಇಳಿಸಿ, ಅವರ ಕೈ ಹಿಡಿದು ಪಾರ್ಕಿಗೆ. ಹಳೇ ಬಾವಿಯ ಪಕ್ಕದ ಮರದ ಕೆಳಗೊಂದು ಸಿಮೆಂಟ್ ಬೆಂಚು. ತಲೆಯ ಮೇಲೆ, ಕೈಗೆಟಕುವಷ್ಟರಲ್ಲೇ, ಹಣ್ಣು. ಅದು ಬೀಳುವುದನ್ನು ಕಾಯುತ್ತಾ ನಾವು.

ವಾಚ್‌ಮನ್‌ಗೇ ನೋಡಲಾಗಲಿಲ್ಲ. "ಅಜ್ಜಿ, ನಿಮ್ದೇ ಗಿಡ. ನಾನು ಆ ಕಡೆ ತಿರುಗ್ಕೊಂಡು ನಿಂತ್ಕೋತೀನಿ, ಒಂದು ಕಿತ್ಕೊಳಿ."

"ಥೂ, ಸಂಬಳ ಯಾತಕ್ಕೋ ನಿಂಗೆ? ಕಾವಲು ಕಾಯೋನೇ ಕಳ್ಳರಿಗೆ ಏಣಿ ಹಾಕ್ತಾನಂತೆ!"

"ಹಂಗಾದ್ರೆ ಗಾಳಿನೇ ಬರ್ಬೇಕು ಬಿಡಿ."

ನನಗೋ ಮಂಡಿನೋವು. ಹುಲ್ಲಿಗೆ ಬಿಟ್ಟ ನೀರು ಚಪ್ಪಲಿಯೊಳಗೆ, ಕಿವಿಯ ಹತ್ತಿರ ಸೊಳ್ಳೆ. ನೆತ್ತಿಯ ಮೇಲೆ ವಿಮಾನ ಇಳಿಯುತ್ತಿದ್ದರೂ ಅತ್ತೆಯ ಕಣ್ಣು ಹಣ್ಣಿನ ತೊಟ್ಟು ಬಿಟ್ಟು ಕದಲುತ್ತಿರಲಿಲ್ಲ.

ಒಂದು ಸಂಜೆ ಗಾಳಿ ಎದ್ದಿತು. ಧೊಪ್ಪೆಂದು ಬಿದ್ದ ಹಣ್ಣು ಉರುಳಿ ವಾಕಿಂಗ್ ದಾರಿಗೆ ಹೋಯಿತು. ನಾನು ಮಂಡಿಗೆ ಕೈಯೂರಿ ಏಳುವಷ್ಟರಲ್ಲಿ, ಬೂಟು ಹಾಕಿಕೊಂಡು ನಡೆಯುತ್ತಿದ್ದ ಹೆಂಗಸೊಬ್ಬರು ಅದನ್ನೆತ್ತಿ ಮೂಸಿ ನೋಡುತ್ತಿದ್ದರು. ಕೇಳೋಣವೆಂದು ಹೊರಟೆ. ಅತ್ತೆ ನನ್ನ ಸೆರಗು ಹಿಡಿದೆಳೆದರು.

"ಸುಮ್ನಿರು. ಅವ್ರಿಗೆ ಸಿಕ್ತು."

ಆಮೇಲೆ ತಾವೇ ಕೂಗಿದರು. "ನೋಡಮ್ಮಾ, ಇವತ್ತೇ ಕುಯ್ಬೇಡ. ಒಂದು ವಾರ ಮನೇಲಿಡು, ಸಿಪ್ಪೆ ಬಾಡ್ಲಿ. ಆಗ ಸಿಹಿ."

"ಹೌದಾ ಆಂಟಿ? ನಿಮಗೆ ಹೇಗ್ಗೊತ್ತು?"

"ಈ ಕಡೆಯೋರೇ ನಾವು."

ಆಕೆ ಥ್ಯಾಂಕ್ಸ್ ಹೇಳಿ, ಹಣ್ಣನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ಅದೊಂದು ನಮಗೆ ಸಿಕ್ಕಿದ್ದರೆ ನಾಳೆಯಿಂದ ಈ ಬರುವುದು ತಪ್ಪುತ್ತಿತ್ತಲ್ಲ ಎನಿಸಿ ನನಗೆ ಅಳುವೇ ಬಂದಂತಾಯಿತು. ಅತ್ತೆ ಆಗಲೇ ಕತ್ತೆತ್ತಿ ಕೊಂಬೆ ನೋಡುತ್ತಿದ್ದರು.

"ಪಕ್ಕದ್ದೂ ಬಣ್ಣ ತಿರುಗಿದೆ," ಎಂದರು. "ನಾಳೆ ಬೆಂಚು ಬೇಡ. ಆ ದಾರೀಲೇ ನಿಂತ್ಕೊಳಣ."