ಸ್ಥಳವನ್ನು ಬದಲಾಯಿಸಲಾಯಿತು

ಮಳೆಗಾಲದಲ್ಲಿ ಧಾರವಾಡದ ಜನ ನಡೆಯುವ ರೀತಿಯನ್ನು ನೀವು ಗಮನಿಸಿರಬಹುದು. ಒಂದು ಕಾಲನ್ನು ಊರಿ, ಅದು ಜಾರಲಿಲ್ಲವೆಂಬುದು ಖಾತ್ರಿಯಾದ ಮೇಲೆಯೇ ಇನ್ನೊಂದನ್ನು ಎತ್ತುತ್ತಾರೆ. ಪರಸ್ಥಳದಿಂದ ಬಂದವರು ಇದನ್ನು ಕಂಡು, ವಿದ್ಯಾವಂತರ ಊರಿನ ಗಂಭೀರ ಗಮನವೆಂದು ಹೊಗಳುವುದುಂಟು. ವಿದ್ಯೆಗೂ ಈ ನಡಿಗೆಗೂ ಏನೇನೂ ಸಂಬಂಧವಿಲ್ಲ. ಇದನ್ನು ನಮಗೆ ಕಲಿಸಿದ್ದು ಕೆಸರು. ಊರಿನ ಪಶ್ಚಿಮಕ್ಕೆ ಕೆಂಪು ಮಣ್ಣು, ಪೂರ್ವಕ್ಕೆ ಕಪ್ಪು ಮಣ್ಣು. ಎರಡರ ನಡುವೆ ಬದುಕುವವನು ಕಾಲಿಡುವ ಮೊದಲು ಕಣ್ಣಿಡಬೇಕಾಗುತ್ತದೆ.

ಈ ಕಾಲಿಡುವ ವಿಚಾರ ನನ್ನ ತಲೆ ಹೊಕ್ಕಿದ್ದು ಮೊನ್ನೆ ಜುಲೈ ತಿಂಗಳಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಮರಳಿ ಬಂದ ದಿನಗಳಲ್ಲಿ. ನಮ್ಮ ಓಣಿಯ ವಾಚನಾಲಯದಲ್ಲಿ ಪತ್ರಿಕೆಗಾಗಿ ಆಗ ಸರದಿ ನಿಲ್ಲಬೇಕಾಗುತ್ತಿತ್ತು. ನನ್ನ ಸರದಿ ಬರುವ ಹೊತ್ತಿಗೆ ಮೊದಲ ಪುಟವನ್ನು ಯಾರೋ ಮನೆಗೊಯ್ದಿದ್ದರು. ಉಳಿದ ಒಳಪುಟದ ಮೂಲೆಯಲ್ಲಿ ಒಂದು ಚಿಕ್ಕ ಸುದ್ದಿಯಿತ್ತು: ಚಂದ್ರಯಾತ್ರಿಗಳ ನೌಕೆ ಸಮುದ್ರದಲ್ಲಿ ಇಳಿಯಬೇಕೆಂದು ಗೊತ್ತುಮಾಡಿದ್ದ ಕಡೆ ಹವೆ ಕೆಟ್ಟಿದ್ದರಿಂದ ಇಳಿಯುವ ಸ್ಥಳವನ್ನು ಬದಲಾಯಿಸಲಾಯಿತು, ಅಷ್ಟೆ.

ಪಕ್ಕದಲ್ಲಿ ಕುಳಿತಿದ್ದ ಗುರುರಾಯ ಮಾಸ್ತರರು ನನ್ನ ಹೆಗಲ ಮೇಲಿನಿಂದ ಅದನ್ನೋದಿ ನಕ್ಕರು. ಅವರು ನಿವೃತ್ತ ಗಣಿತ ಶಿಕ್ಷಕರು. ಜಗತ್ತಿನ ಯಾವ ಸಾಹಸಕ್ಕೂ ನೂರಕ್ಕೆ ನೂರು ಅಂಕ ಕೊಟ್ಟವರಲ್ಲ.

“ಚಂದ್ರನ ತನಕಾ ಹೋಗಿ ಬಂದ್ರಂತ, ಮಳೀಗೆ ಅಂಜಿದ್ರಂತ! ನಮ್ಮ ಹುಬ್ಬಳ್ಳಿ ಬಸ್ಸಿನಾಂವ ಇವರಕಿಂತಾ ಛಲೋ. ಎಂಥಾ ಮಳಿ ಇರವಲ್ದ್ಯಾಕ, ಸ್ಟ್ಯಾಂಡಿಗೇ ತಂದು ನಿಲ್ಲಸ್ತಾನ.”

ಸುತ್ತಲಿನವರು ನಕ್ಕರು. ಸಾಮಾನ್ಯವಾಗಿ ಇಂಥ ನಗೆಯಲ್ಲಿ ನಾನು ಹಿಂದೆ ಬೀಳುವವನಲ್ಲ. ಆದರೆ ಅಂದು, ನನಗೇ ಆಶ್ಚರ್ಯವಾಗುವಂತೆ, ಮೇಜು ಗುದ್ದಿ ವಾದಕ್ಕೆ ನಿಂತೆ. ಚಂದ್ರನ ಮೇಲೆ ಗಾಳಿಯಿಲ್ಲ, ಮೋಡವಿಲ್ಲ. ಅಲ್ಲಿಳಿಯುವವನು ಕಲ್ಲು ಕುಣಿಗಳನ್ನೂ ಅವುಗಳ ನೆರಳನ್ನೂ ನೋಡಿಕೊಂಡರೆ ಸಾಕು. ಹವಾಮಾನದ ಕಾಟವೆಲ್ಲ ಸ್ವಂತ ಮನೆಗೆ ಮರಳುವಾಗ. ಆಕಾಶದಿಂದ ಬೀಳುವ ಆ ಪೆಟ್ಟಿಗೆಯನ್ನು ಕಡೆಗೆ ಹಿಡಿಯುವುದು ಬಟ್ಟೆಯ ಕೊಡೆಗಳು. ಗುಡುಗಿನ ಮೋಡದೊಳಗೆ ಸಿಕ್ಕರೆ ಅವು ಹರಿದಾವು, ಗಾಳಿ ಬಲವಾದರೆ ಎಲ್ಲಿಗೋ ಎಳೆದೊಯ್ದಾವು, ಅಲೆ ಎದ್ದಿದ್ದರೆ ಇಳಿದ ಪೆಟ್ಟಿಗೆ ಬೋರಲಾದೀತು, ಕಾಯುವ ಹಡಗು ಹತ್ತಿರ ಹೋಗಲಾರದೆ ನೋಡುತ್ತ ನಿಂತೀತು. ಮಾಸ್ತರರು ನಗು ನಿಲ್ಲಿಸಿ, “ಆತು ಬಿಡ್ರಿ, ನೀವ್ಯಾಕ ಇಷ್ಟು ಬಿಸಿ ಆಗೀರಿ? ನಿಮ್ಮ ಬೀಗರು ಏನರ ಅದರಾಗ ಇದ್ದರೇನು?” ಎಂದರು.

ಬೀಗರಿರಲಿಲ್ಲ. ನನ್ನನ್ನು ಚುಚ್ಚಿದ್ದು ‘ಬದಲಾಯಿಸಲಾಯಿತು’ ಎಂಬ ಆ ಒಂದು ಪದ. ಯಾರೋ ಒಬ್ಬರು ಆಕಾಶವನ್ನು ನೋಡಿ, ಇಲ್ಲಿ ಬೇಡ ಎಂದಿರಬೇಕು. ದೊಡ್ಡವರ ಮುಂದೆ ನಿಂತು ಹಾಗೆನ್ನುವುದಕ್ಕೆ ಎದೆ ಬೇಕು. ಅವರ ಹೆಸರು ಆ ಸುದ್ದಿಯಲ್ಲಿರಲಿಲ್ಲ. ಕನ್ನಡದ ಕರ್ಮಣಿ ಪ್ರಯೋಗದ ಮಹಿಮೆಯೇ ಅದು: ಕೆಲಸವಾಗಿರುತ್ತದೆ, ಮಾಡಿದವರು ಇರುವುದಿಲ್ಲ. ಇದೇ ಪದವನ್ನು ಏಳೆಂಟು ವರ್ಷಗಳ ಹಿಂದೆ ನಾನೇ ಒಂದು ಸರಕಾರಿ ವರದಿಯಲ್ಲಿ ಬರೆದಿದ್ದೆ.

ನಾನಾಗ ತಾಲೂಕಿನ ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಆ ವರ್ಷ ಭಾದ್ರಪದದಲ್ಲಿ ಎಂಟು ದಿನ ಬಿಡದೆ ಮಳೆ ಹೊಡೆಯಿತು. ಬಿದ್ದ ಮನೆಗಳ ಪಟ್ಟಿ ಮಾಡಿಕೊಂಡು ಬಾ ಎಂದು ನನ್ನನ್ನು ಹೆಬ್ಬಳ್ಳಿಯ ಆಚೆಯ ಒಂದು ಪುಟ್ಟ ಊರಿಗೆ ಕಳಿಸಿದರು. ನಾನು ಬಂಡಿಯಲ್ಲಿ ಹಳ್ಳ ದಾಟಿ ಊರು ಸೇರಿದ ಸಂಜೆಯೇ ‘ಹಳ್ಳ ಬಂತು.’ ನಮ್ಮ ಕಡೆ ಪ್ರವಾಹಕ್ಕೆ ಅಷ್ಟೇ ಎರಡು ಶಬ್ದ. ಬೇಸಿಗೆಯಲ್ಲಿ ಮೇಕೆಯೂ ಲೆಕ್ಕಿಸದ ಹಳ್ಳ ಅಂದು ಊರನ್ನು ಮೂರು ಕಡೆಯಿಂದ ಬಳಸಿ ನಿಂತಿತು. ನಾಲ್ಕನೆಯ ಕಡೆ ಹೊಲಗಳೇ ಕೆರೆಯಾಗಿದ್ದವು. ಪಟ್ಟಿ ಮಾಡಲು ಹೋದವನು ನಾನೇ ಪಟ್ಟಿಗೆ ಸೇರಿದೆ.

ಊರಿನಲ್ಲಿ ಗಂಗವ್ವನೆಂಬ ಚೊಚ್ಚಲ ಬಸುರಿಗೆ ಹೆರಿಗೆ ನೋವು ಶುರುವಾಗಿ ಒಂದು ಹಗಲು ಒಂದು ರಾತ್ರಿ ಕಳೆದಿತ್ತು. ಕೂಸು ತಿರುಗಿಲ್ಲ, ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ ಎಂದು ಸೂಲಗಿತ್ತಿ ಹೊರಬಂದು ಕುಳಿತಿದ್ದಳು. ನೀರು ಸುತ್ತಿದ ಹಳ್ಳಿಗಳ ಮೇಲೆ ಆ ದಿನಗಳಲ್ಲಿ ಒಂದು ಹೆಲಿಕಾಪ್ಟರು ಅವಲಕ್ಕಿ, ಬೆಲ್ಲದ ಗಂಟುಗಳನ್ನು ಹಾಕಿ ಹೋಗುತ್ತಿತ್ತು. ಮರುದಿನ ಮಧ್ಯಾಹ್ನ ಬಂದಾಗ ಊರವರೆಲ್ಲ ಗಂಗವ್ವನನ್ನು ಹೊರಸಿನ ಮೇಲೆ ಮಲಗಿಸಿ ಅಂಗಳಕ್ಕೆ ತಂದು, ಕೈಬೀಸಿ, ಮೇಲಿನವರಿಗೆ ಸಂಗತಿಯನ್ನು ತಿಳಿಸಿದರು. ಅದು ಎರಡು ಸುತ್ತು ಹಾಕಿ, ಕಲ್ಲು ಕಟ್ಟಿದ ಒಂದು ಚೀಟಿಯನ್ನು ಕೆಳಗೆ ಹಾಕಿ ಹೊರಟುಹೋಯಿತು.

ಚೀಟಿ ಇಂಗ್ಲಿಷಿನಲ್ಲಿತ್ತು, ಓದಬಲ್ಲವನು ನಾನೊಬ್ಬನೇ. ಬೆಳಿಗ್ಗೆ ಬರುತ್ತೇವೆ, ಗಟ್ಟಿಯಾದ ಸಮತಟ್ಟು ಜಾಗ ಆರಿಸಿ. ಮರ, ಕಂಬ, ಹುಲ್ಲು ಹತ್ತಿರ ಇರಬಾರದು. ಬಿಳಿ ಬಟ್ಟೆ ಹಾಸಿ ಗುರುತು ಮಾಡಿ. ಗಾಳಿ ಎತ್ತ ಬೀಸುತ್ತಿದೆಯೆಂದು ತಿಳಿಯಲು ಹೊಗೆ ಹಾಕಿ, ಎಂದಿತ್ತು. ಇಡೀ ಊರು ನನ್ನ ಮುಖ ನೋಡಿತು. ಇಂಗ್ಲಿಷ್ ಬಂದವನಿಗೆ ಎಲ್ಲವೂ ಬರುತ್ತದೆಂಬ ನಂಬಿಕೆ ಊರವರಿಗೆ ಇದ್ದುದಕ್ಕಿಂತ ಹೆಚ್ಚಾಗಿ ನನಗಿತ್ತು. ಊರ ಪಕ್ಕದಲ್ಲೇ, ಜೋಳ ಬಿತ್ತಲು ಹದಮಾಡಿ ಬಿಟ್ಟಿದ್ದ ಅಂಗೈಯಂಥ ಹೊಲವೊಂದು ಕಂಡಿತು. ಆ ಮಧ್ಯಾಹ್ನ ಬಿಸಿಲು ಬಿದ್ದು ಅದರ ಮೈ ಒಣಗಿತ್ತು. ಅದನ್ನೇ ತೋರಿಸಿ, ನಾಳೆ ಬಟ್ಟೆ ಅಲ್ಲಿ ಹಾಸಿರಿ ಎಂದೆ.

“ಸಾಹೇಬ್ರ, ಅಲ್ಲಿ ಬ್ಯಾಡ್ರಿ,” ಎಂದಿತು ಗುಂಪಿನ ಹಿಂದಿನಿಂದ ಒಂದು ಹೆಣ್ಣು ಧ್ವನಿ.

ಆಕೆ ನೀಲವ್ವ. ಐವತ್ತರ ಆಸುಪಾಸಿನ ವಿಧವೆ, ಗಂಡ ತೀರಿದ ಮೇಲೆ ತಾನೇ ಎರಡೆತ್ತು ಹೂಡಿ ಒಕ್ಕಲುತನ ಮಾಡುತ್ತಿದ್ದಳು.

“ಅದು ಎರಿ ಹೊಲಾರಿ, ಕರೇ ಮಣ್ಣು. ಮ್ಯಾಲ ಒಣಗಿದಂಗ ಕಾಣತೈತಿ, ಒಳಗ ಎಂಟು ದಿನದ ನೀರು ಹಿಡಕೊಂಡು ಕುಂತೈತಿ.”

“ಯವ್ವಾ, ಬರೂದು ಎತ್ತಿನ ಬಂಡಿ ಅಲ್ಲ. ಗಾಳ್ಯಾಗಿಂದ ಇಳೀತದ,” ಎಂದೆ.

“ಗಾಳ್ಯಾಗಿಂದ ಬಂದ್ರೂ ಇಳಿಯೂದು ನೆಲಕ್ಕ ಹೌದಲ್ರಿ?”

ಉತ್ತರ ಹೊಳೆಯದಿದ್ದಾಗ ಅಧಿಕಾರಿಗಳು ಮಾಡುವುದನ್ನೇ ನಾನೂ ಮಾಡಿದೆ. ಕೇಳಿಸಲಿಲ್ಲವೆಂಬಂತೆ ಅತ್ತ ತಿರುಗಿದೆ.

ಬೆಳಕು ಹರಿಯುವಾಗ ಬಟ್ಟೆ ಹಾಸಲು ಹೋದರೆ ನೀಲವ್ವ ಹೊಲದ ಬದುವಿನ ಮೇಲೆ ತನ್ನ ಬಿಳಿಯ ಎತ್ತನ್ನು ಹಿಡಿದು ನಿಂತಿದ್ದಳು. ನಮ್ಮನ್ನು ಕಂಡು ಎತ್ತನ್ನು ಮುಂದಕ್ಕೆ ಬಿಟ್ಟಳು. ಅದು ಅಂಚಿಗೆ ಬಂದು, ನೆಲವನ್ನು ಮೂಸಿ, ನಿಂತುಬಿಟ್ಟಿತು. ಹುರಿದುಂಬಿಸಿದರೂ ಒಂದು ಹೆಜ್ಜೆ ಇಡಲಿಲ್ಲ. ಎತ್ತಿಗಿಂತ ಕಾರಕೂನ ಧೈರ್ಯಶಾಲಿ ಎಂದು ತೋರಿಸಲು ನಾನು ಇಳಿದೆ. ಮೂರನೆಯ ಹೆಜ್ಜೆಗೆ ಮೇಲಿನ ಒಣ ಪದರ ಒಡೆದು ಎರಡೂ ಕಾಲು ಮೊಳಕಾಲಿನವರೆಗೆ ಒಳಗೆ ಹೋದವು. ನಾಲ್ಕು ಜನ ಎಳೆದರು. ನಾನು ಬಂದೆ, ಹುಬ್ಬಳ್ಳಿಯಲ್ಲಿ ಹೊಸದಾಗಿ ಕೊಂಡಿದ್ದ ಬೂಟು ಬರಲಿಲ್ಲ. ಯಾರೂ ನಗಲಿಲ್ಲ. ಅಂಗಳದಿಂದ ಗಂಗವ್ವನ ನರಳಾಟ ಕೇಳುತ್ತಿತ್ತು. ಆ ಭಾರವಾದ ಯಂತ್ರ ಈ ಮಣ್ಣಿನಲ್ಲಿ ಇಳಿದಿದ್ದರೆ ಒಂದು ಕಡೆಗೆ ವಾಲಿ, ಬೀಸುವ ರೆಕ್ಕೆಗಳು ನೆಲಕ್ಕೆ ಬಡಿದು ಏನಾಗುತ್ತಿತ್ತೆಂಬುದು ನನಗೆ ಆಗ ಹೊಳೆಯಿತು.

“ಹಂಗಾದ್ರ ಎಲ್ಲಿ ಇಳಸೂಣು, ನೀಲವ್ವ?” ಎಂದೆ. ಹೆಸರು ಹಿಡಿದು ಕೇಳಿದ್ದು ಅದೇ ಮೊದಲು.

ಆಕೆ ಎತ್ತಿನ ಮೈ ಸವರಿದಳು. ಆಮೇಲೆ ಊರ ಪಡುವಣಕ್ಕಿದ್ದ ಗರಸಿನ ದಿಬ್ಬವನ್ನು ತೋರಿಸಿದಳು. ಎಷ್ಟು ಮಳೆ ಸುರಿದರೂ ನೀರು ನಿಲ್ಲದ, ಹರಳುಗಲ್ಲು ಬೆರೆತ ಗಟ್ಟಿ ನೆಲ, ಸುತ್ತಲೂ ಗಿಡವಿಲ್ಲ. ಆದರೆ ಅದರ ನೆತ್ತಿಯ ಮೇಲೆ ಒಂದು ಬಣವೆಯಿತ್ತು. ನೀರು ತಾಗದಿರಲೆಂದು ಅಷ್ಟು ಎತ್ತರದಲ್ಲಿ, ಮಳೆ ಜಾರುವಂತೆ ಜಡೆ ಹೆಣೆದ ಹಾಗೆ ಒಟ್ಟಿದ್ದ ಜೋಳದ ಕಣಕಿ, ವರ್ಷವಿಡೀ ಎತ್ತುಗಳಿಗೆ ಬೇಕಾದ ಮೇವು.

“ಅದು ಯಾರ ಬಣವಿ?”

“ನಂದ್ರಿ.”

“ಅದು ಇದ್ದರ ಇಳಿಯಾಕ ಆಗೂದಿಲ್ಲ. ಗಾಳಿಗೆ ಕಣಕಿ ಎಲ್ಲಾ ಎದ್ದು ಯಂತ್ರಕ್ಕ ಬಡೀತದ.”

“ಗೊತ್ತೈತ್ರಿ. ಅದಕ್ಕ ನಿನ್ನಿ ಹೇಳಲಿಲ್ಲ.” ಆಕೆ ಆಕಾಶ ನೋಡಿದಳು. “ಪಡುವಲ ಗಾಳಿ ಬಿಟ್ಟೈತಿ. ಹೊತ್ತು ನೆತ್ತಿಗೆ ಬರೂದ್ರಾಗ ಮತ್ತ ಮಳಿ ಹೊಡೀತೈತಿ. ಲಗೂ ಮಾಡ್ರಿ.”

ಹೀಗೆಂದು ದಿಬ್ಬ ಹತ್ತಿ, ಮೇಲಿನ ಕಣಕಿಯ ಸೂಡನ್ನು ತಾನೇ ಎಳೆದಳು. ಆಮೇಲೆ ಊರಿಗೂರೇ ಹತ್ತಿತು. ಕಟ್ಟೆ, ಪಡಸಾಲೆ, ಗುಡಿ, ಬಂಡಿಯ ಕೆಳಗೆ ಹಿಡಿಸುವಷ್ಟನ್ನು ತುಂಬಿದರು. ಬಹುಪಾಲು ಬಯಲಲ್ಲೇ ಬಿತ್ತು. ದಿಬ್ಬ ಗುಡಿಸಿದಂತಾದಾಗ ಬಿಳಿ ಧೋತರಗಳನ್ನು ಹಾಸಿ ಕಲ್ಲು ಹೇರಿದೆವು. ಹಸಿ ಸಗಣಿಯ ಬೆಂಕಿಯಿಂದೆದ್ದ ಹೊಗೆ ಮೂಡಣಕ್ಕೆ ಬಾಗಿತು. ಹೆಲಿಕಾಪ್ಟರು ಹೊಗೆಯನ್ನು ನೋಡಿ, ಒಂದು ಸುತ್ತು ಬಳಸಿ, ಗಾಳಿಗೆ ಎದುರಾಗಿ ಮೂಡಣದಿಂದ ಬಂದು, ಹಾಸಿದ ಧೋತರದ ಮೇಲೆ ಕೂತಿತು. ಗಾಲಿಗಳು ಗರಸಿನ ಮೇಲೆ ಕಿರಗುಟ್ಟಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಹೊರಸು ಒಳಗೆ ಹೋಯಿತು. ಅದು ಹುಬ್ಬಳ್ಳಿಯ ಕಡೆಗೆ ಚುಕ್ಕಿಯಾಗುವ ಹೊತ್ತಿಗೆ ಮೊದಲ ಹನಿ ಬಿತ್ತು. ನೀಲವ್ವ ಬಯಲಲ್ಲಿ ನೆನೆಯುತ್ತಿದ್ದ ಕಣಕಿಯನ್ನು ಒಮ್ಮೆ ನೋಡಿ, ಎತ್ತು ಕಟ್ಟಲು ಮನೆಗೆ ನಡೆದಳು.

ಆಸ್ಪತ್ರೆಯಲ್ಲಿ ಕೂಸು ಉಳಿಯಲಿಲ್ಲ. ಗಂಗವ್ವ ಉಳಿದಳು.

ವರದಿ ಬರೆಯುವಾಗ ನನಗೆ ಒಂದು ಸುಂದರ ವಾಕ್ಯ ಹೊಳೆಯಿತು: ‘ಹವಾಮಾನ ಹಾಗೂ ಭೂಮಿಯ ಸ್ಥಿತಿಯನ್ನು ಪರಿಗಣಿಸಿ ಪೂರ್ವನಿಯೋಜಿತ ಸ್ಥಳವನ್ನು ಬದಲಾಯಿಸಲಾಯಿತು.’ ಮಾಮಲೇದಾರರು ಅದರ ಕೆಳಗೆ ಗೆರೆ ಎಳೆದು ನನ್ನ ಸಮಯಪ್ರಜ್ಞೆಯನ್ನು ಮೆಚ್ಚಿ ಷರಾ ಬರೆದರು. ನಾನು ತಿದ್ದಲಿಲ್ಲ. ಬೂಟಿನ ಕಥೆಯನ್ನು ಬಿಟ್ಟಿದ್ದೆ. ಅದರೊಂದಿಗೆ ಎತ್ತು, ಬಣವೆ, ನೀಲವ್ವ ಎಲ್ಲವೂ ಬಿಟ್ಟುಹೋದವು. ಸುಳ್ಳೊಂದನ್ನೂ ಬರೆದಿರಲಿಲ್ಲವಾದ್ದರಿಂದ ಇಷ್ಟು ವರ್ಷ ನಿದ್ದೆಯೂ ಚೆನ್ನಾಗಿ ಬಂತು.

ವಾಚನಾಲಯದಲ್ಲಿ ಮಾಸ್ತರರೊಂದಿಗೆ ವಾದಿಸಿದ ಮುಂದಿನ ರವಿವಾರ ಹೆಬ್ಬಳ್ಳಿಯ ಬಸ್ಸು ಹತ್ತಿದೆ. ಅಲ್ಲಿಂದ ನಡೆದು ಊರು ಸೇರಿದಾಗ ನೀಲವ್ವ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು, ಕಂಬಳಿ ಹಾಸಿ, ನೀರು ಬೆಲ್ಲ ಕೊಟ್ಟಳು. ಕೊಟ್ಟಿಗೆ ಖಾಲಿಯಿತ್ತು. ಎತ್ತುಗಳೆಲ್ಲಿ ಎಂದು ಕೇಳಿದೆ.

“ಬಿಳಿಯಾನ್ನ ಆ ವರ್ಷನ ಮಾರಿದ್ನಿರಿ. ಮೇವು ಎಲ್ಲಿತ್ತು? ಒಂದ ಎತ್ತು ಇಟಗೊಂಡು ಒಕ್ಕಲುತನ ಆಗತೈತೇನು, ಜೋಡೀದನ್ನೂ ಕೊಟ್ಟೆ. ಈಗ ಹೊಲ ಪಾಲಿಗೆ ಹಾಕೇನಿ.”

“ಸರಕಾರದಿಂದ ಮೇವು ಕೊಟ್ಟಿದ್ರಲ್ಲ ಆವಾಗ?”

“ಮೇವು ಹಳ್ಳಕ್ಕ ಹೋದವರಿಗೆ ಕೊಟ್ರು. ನಂದು ಹಳ್ಳಕ್ಕ ಹೋಗಿದ್ದಿಲ್ಲಲ್ರಿ. ಕೇಳಾಕ ಹೋದ್ರ, ಕಾಗದದಾಗ ನಿನ್ನ ಹೆಸರಿಲ್ಲ ಅಂದ್ರು.”

ಆ ಕಾಗದ ಬರೆದವನು ನಾನು. ಹಾಗೆಂದು ಹೇಳಿದೆ. ವರದಿಯ ವಾಕ್ಯವನ್ನೂ, ಅದಕ್ಕೆ ನನಗೆ ಸಿಕ್ಕ ಮೆಚ್ಚುಗೆಯನ್ನೂ ಹೇಳಿದೆ. ಆಕೆ ಮೊರವನ್ನು ಕೆಳಗಿಟ್ಟಳು. ಬಯ್ದಿದ್ದರೆ ಹಗುರಾಗುತ್ತಿತ್ತು. “ನಿಮ್ಮ ಹಂತ್ಯಾಕ ಕಾಗದ ಐತೇನ್ರಿ?” ಎಂದು ಕೇಳಿದಳು.

ಇತ್ತು.

“ಹಂಗಾದ್ರ ಈಗ ಬರೀರಿ.”

ಇಷ್ಟು ವರ್ಷಗಳ ಮೇಲೆ ಇದರಿಂದ ಎತ್ತಾಗಲಿ ಮೇವಾಗಲಿ ಬರುವುದಿಲ್ಲವೆಂದು ತಿಳಿಸಿದೆ. ಗೊತ್ತೈತಿ, ಬರೀರಿ ಎಂದಳು. ಕಟ್ಟೆಯ ಮೇಲೆಯೇ ಕುಳಿತು, ಸ್ಥಳವನ್ನು ಆರಿಸಿದವಳು ನೀಲವ್ವ, ತನ್ನ ಬಣವೆಯನ್ನು ತಾನೇ ಕೆಡವಿದವಳು ನೀಲವ್ವ ಎಂದು ಬರೆದು ಓದಿ ಹೇಳಿದೆ. ಆಕೆಗೆ ಒಪ್ಪಿಗೆಯಾಗಲಿಲ್ಲ.

“ಬಣವಿ ನಂದು, ಖರೇ. ಹೊತ್ತಾಕಿ ನಾ ಒಬ್ಬಾಕೇನು? ಅವರ ಹೆಸರು ಯಾರು ಬರೀಬೇಕು?”

ಒಂದೊಂದೇ ಮನೆಯನ್ನು ನೆನೆದು ಆಕೆ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಗಂಗವ್ವ ಸುದ್ದಿ ತಿಳಿದು ಬಂದು ಪಕ್ಕದಲ್ಲಿ ಕುಳಿತಳು. ಹೊರಸಿನ ನಾಲ್ಕು ಕಾಲು ಹಿಡಿದವರ ಹೆಸರು ಹೇಳಿದವಳು ಅವಳೇ. ಕಾಗದದ ಎರಡೂ ಮಗ್ಗುಲು ತುಂಬಿತು. ಆ ಕಾಗದ ಇವತ್ತು ಕಚೇರಿಯಲ್ಲಿ ನನ್ನ ಹಳೆಯ ವರದಿಯ ಬೆನ್ನಿಗೆ, ಅದೇ ಕಡತದಲ್ಲಿದೆ. ನಾನೇ ಹೊಲಿದು ಸೇರಿಸಿದ್ದೇನೆ.

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಮೊದಲಿನಿಂದ ಒಮ್ಮೆ ಓದಿರಿ ಎಂದಳು ನೀಲವ್ವ. ನಿಂತುಕೊಂಡೇ ಓದಿದೆ. ಒಂದೊಂದು ಹೆಸರಿಗೂ ಆಕೆ ಹೂಂಗುಟ್ಟಿದಳು. ಓದಿ ಮುಗಿಸಿ ಕಾಗದ ಮಡಚುವಾಗ ಕೈ ಅಡ್ಡ ಹಿಡಿದಳು.

“ತಡೀರಿ. ಕಾಶೀಮಸಾಬಂದು ಬಿಟ್ರಿ. ಹೊಗಿ ಹಾಕಿದಾಂವ ಅಂವ.”

ನಾನು ಮತ್ತೆ ಕುಳಿತು, ಅಂಚಿನಲ್ಲಿ ಉಳಿದಿದ್ದ ಜಾಗದಲ್ಲಿ ಕಾಶೀಮಸಾಬನ ಹೆಸರು ಬರೆದೆ.